ಗುಳೇದಗುಡ್ಡ ಖಣದ ಚೀಲ, ಕುರಿ ಉಣ್ಣೆಯ ಗೊಂಬೆ: ಕೊಳ್ಳುವ ಮುನ್ನ ಒಳಗೆ ನೋಡಿ

ಬಾಗಲಕೋಟೆ ಕಡೆ ಖಣದಲ್ಲಿ (ಬುಟ್ಟಾ ನೇಯ್ದ ರವಿಕೆ ಬಟ್ಟೆ) ಪರ್ಸು, ಬಟವಾ, ಹೇರ್‌ಬ್ಯಾಂಡ್ ಹೊಲಿದು ಮಾರುವವರ ಕೆಲಸದಲ್ಲಿ ಬಣ್ಣಕ್ಕೆ, ಬುಟ್ಟಾಕ್ಕೆ ಪೂರ್ಣ ಅಂಕ. ಆದರೆ ಜಿಪ್ ತೆಗೆದು ಒಳಗೆ ನೋಡಿ. ಖಣದ ಹಿಂಬದಿಯ ಸಡಿಲ ಎಳೆಗಳಿಗೆ ಉಗುರು, ಕೀಲಿ ಸಿಕ್ಕಿ ನೇಯ್ದ ಬುಟ್ಟಾವೇ ಕೆಟ್ಟಂತೆ ಕಾಣುತ್ತದೆ, ಅಸ್ತರು ಇರಲೇಬೇಕು. ಅಸ್ತರಿನ ಹತ್ತಿಬಟ್ಟೆಯನ್ನು ಮೊದಲೇ ತೊಳೆದಿರದಿದ್ದರೆ ಒಂದೇ ಒಗೆತಕ್ಕೆ ಸುಕ್ಕು. ಅಂಚು ಬೇಗ ಬಿಚ್ಚಿಕೊಳ್ಳುವ ಬಟ್ಟೆ ಇದು, ಹಾಗಾಗಿ ಹೊಲಿಗೆಗೆ ಕನಿಷ್ಠ 1 ಸೆಂ.ಮೀ. ಬಿಟ್ಟು ಅಂಚಿಗೆ ಇಂಟರ್‌ಲಾಕ್ (ಎಳೆ ಬಿಚ್ಚದಂತೆ ಸುತ್ತುಹೊಲಿಗೆ) ಮಾಡಿರಬೇಕು.

ಉಣ್ಣೆಯನ್ನು ಕಚ್ಚುಗಳಿರುವ ಸೂಜಿಯಿಂದ ಮತ್ತೆ ಮತ್ತೆ ಚುಚ್ಚಿ ಗಟ್ಟಿಯಾಗಿಸಿ ಮಾಡುವ ಗೊಂಬೆಗಳದ್ದು ಬೇರೆ ಕಥೆ. ಕಂಬಳಿಗೆ ಹೇಳಿ ಮಾಡಿಸಿದ ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು; ಸೂಜಿ ಚುಚ್ಚಿದಷ್ಟೂ ಕೂದಲು ಹೊರಗೆ ನಿಲ್ಲುತ್ತದೆ. ಜಾಣ ಕುಶಲಕರ್ಮಿ ಅದನ್ನು ಒಳಗಿನ ಗಟ್ಟಿ ಉಂಡೆಗೆ ಬಳಸಿ, ಮೇಲೆ ಮೆರಿನೋ ಕುರಿಯ ನಯವಾದ ಉಣ್ಣೆ ಹೊದಿಸುತ್ತಾನೆ: ಆಕಾರಕ್ಕೆ 36 ಗೇಜಿನ ದಪ್ಪ ಸೂಜಿ, ಕೊನೆಯ ನುಣುಪಿಗೆ 40ರ ತೆಳು ಸೂಜಿ. ಹೆಬ್ಬೆರಳಿನಿಂದ ಒತ್ತಿ ನೋಡಿ. ತಗ್ಗು ಹಾಗೇ ಉಳಿದರೆ ಚುಚ್ಚಿದ್ದು ಸಾಲದು, ಕಿವಿ-ಬಾಲ ಬೇಗ ಕಿತ್ತು ಬರುತ್ತವೆ. (ಗಡಿಬಿಡಿಯಲ್ಲಿ ಮುರಿದ ಸೂಜಿಮೊನೆ ಒಳಗೇ ಉಳಿಯುವುದೂ ಉಂಟು, ಅಯಸ್ಕಾಂತ ಆಡಿಸಿ ನೋಡುತ್ತೀರಾ ಎಂದು ಕೇಳಿ.) ಮೂರು ವರ್ಷದೊಳಗಿನ ಕೂಸಿಗೆ ಅಂಟಿಸಿದ ಮಣಿಗಣ್ಣಿನ ಗೊಂಬೆ ಬೇಡವೇ ಬೇಡ.

ಬಿಸಿನೀರು ತಾಗಿಸಿ ಉಜ್ಜಿದರೆ ಗೊಂಬೆ ಕುಗ್ಗುತ್ತದೆ. ತಣ್ಣೀರಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ಒಣಗಿಸಿ.