ಹಳೇ ಬೋಟ್ ಮೋಟರ್ ರಿಪೇರಿಗೆ ಕೊಡುವ ಮುಂಚೆ ಇದನ್ನು ಓದಿ

ನಾರಾಯಣಪುರ ಡ್ಯಾಂ ಹಿನ್ನೀರಿನಲ್ಲಿ ಮೀನು ಹಿಡಿಯುವವರು, ಅದರಲ್ಲೂ ಹಳೇ ಮೋಟರ್ ಇಟ್ಟುಕೊಂಡವರು, ದಯವಿಟ್ಟು ಪೂರ್ತಿ ಓದಿ. ನನಗೆ ಆದದ್ದು ನಿಮಗೆ ಆಗಬಾರದು.

ನಮ್ಮದು ಯಮಾಹಾ 8 ಎಚ್‌ಪಿ, ಟೂ ಸ್ಟ್ರೋಕ್, ಎರಡು ಸಿಲಿಂಡರ್. ಸೆಕೆಂಡ್ ಹ್ಯಾಂಡ್ ತಂದದ್ದು. ಆರು ವರ್ಷ ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಹೋದ ದೀಪಾವಳಿ ಆದಮೇಲೆ, ಓಡುವಾಗ ಹಿಂದೆ ಚಿಮ್ಮುವ ನೀರಿನ ಧಾರೆ ಸಣ್ಣಗಾಯಿತು. ಈ ಮೋಟರಿಗೆ ರೇಡಿಯೇಟರ್ ಇರುವುದಿಲ್ಲ. ಕೆಳಗೆ ಗೇರ್ ಇರುವ ಭಾಗದ ಮೇಲೆ ಒಂದು ರಬ್ಬರ್ ಚಕ್ರ ಇದೆ, ಇಂಪೆಲ್ಲರ್ ಅಂತಾರೆ. ಅದೇ ಹೊಳೆ ನೀರು ಎತ್ತಿ ಇಂಜಿನ್ ತಣ್ಣಗೆ ಇಡುವುದು. ಧಾರೆ ನಿಂತರೆ ಇಂಜಿನ್ ಸುಟ್ಟಿತು ಅಂತಲೇ ಲೆಕ್ಕ. ಅದಕ್ಕೇ ತಡ ಮಾಡದೆ ಕಲಬುರಗಿಗೆ ಒಯ್ದೆ.

ಪಂಪ್‌ಸೆಟ್, ಬೆಳೆಗೆ ಔಷಧಿ ಹೊಡೆಯುವ ಮಿಷನ್ ರಿಪೇರಿ ಮಾಡುವ ಅಂಗಡಿ. ಹೆಸರು ಹೇಳುವುದಿಲ್ಲ. "ಚಿಂತಿ ಮಾಡಬ್ಯಾಡ್ರಿ ಅಣ್ಣಾರ, ಎಲ್ಲಾ ಇಂಜಿನ್ ಒಂದೇ" ಅಂದರು. ಬಿಚ್ಚಿದರು. ಹಳೇ ಚಕ್ರವನ್ನು ನನ್ನ ಅಂಗೈಗೆ ಹಾಕಿದರು. ಆರು ರೆಕ್ಕೆಯಲ್ಲಿ ನಾಲ್ಕೇ ಇದ್ದವು. ಇನ್ನೆರಡು ಎಲ್ಲಿ ಹೋದವು ಅಂತ ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ನಂಬರ್ ಇಲ್ಲದ ಒಂದು ಚಕ್ರವನ್ನು "ಸೇಮ್ ಸೈಜ್" ಅಂತ ಕೂರಿಸಿದರು. ಆಮೇಲೆ ಮೋಟರನ್ನು ಸ್ಟ್ಯಾಂಡಿಗೆ ಬಿಗಿದು, ಒಂದು ಹನಿ ನೀರಿಲ್ಲದೆ ಹಗ್ಗ ಜಗ್ಗಿ ಚಾಲೂ ಮಾಡಿದರು. "ಆವಾಜ್ ಕೇಳ್ರಿ, ಹೆಂಗ ಹೊಡಿತದ!" ಎರಡು ನಿಮಿಷ ಓಡಿಸಿದರು. ಆ ರಬ್ಬರಿಗೆ ನೀರೇ ಎಣ್ಣೆ ಇದ್ದ ಹಾಗೆ. ಒಣಗಿದ್ದಾಗ ತಿರುಗಿಸಿದರೆ ಅಷ್ಟರಲ್ಲೇ ಉಜ್ಜಿ ಸುಟ್ಟು ಹೋಗುತ್ತದೆ. 2,800 ರೂಪಾಯಿ ಕೊಟ್ಟು ಬಂದೆ.

ಮರುದಿನ ನಾನು, ನಮ್ಮಣ್ಣ, ಅವನ ಮಗ ಬಲೆ ಎತ್ತಲು ಹೋದೆವು. ಹುಡುಗನಿಗೆ ಹನ್ನೆರಡು ವರ್ಷ. ಧಾರೆ ಮೊದಲು ನೂಲಿನಷ್ಟು ಬರುತ್ತಿತ್ತು. ನಡು ನೀರಿಗೆ ಬಂದಾಗ ತಿರುಗಿ ನೋಡಿದೆ, ಅದೂ ಇರಲಿಲ್ಲ. ಬಣ್ಣ ಸುಟ್ಟ ವಾಸನೆ ಬಂತು. ಆರಿಸಬೇಕು ಅಂತ ಕೈ ಹಾಕುವಷ್ಟರಲ್ಲಿ ಇಂಜಿನ್ ಬಿಗಿಯಾಗಿ, ಕಿರ್ ಅಂದು ನಿಂತಿತು. ಹಗ್ಗ ಜಗ್ಗಿದರೆ ಕಲ್ಲಿಗೆ ಕಟ್ಟಿದ ಹಾಗೆ, ಒಂದು ಗೇಣೂ ಬರಲಿಲ್ಲ. ಗಾಳಿ ನಮ್ಮನ್ನು ಎದುರು ದಡದ ಕಡೆ ತಳ್ಳುತ್ತಿತ್ತು. ಇದ್ದದ್ದು ಒಂದೇ ಹುಟ್ಟು. ಇನ್ನೊಂದು ಕಡೆ ಕೂರುವ ಹಲಗೆ ಕಿತ್ತು ಹುಟ್ಟು ಹಾಕಿದೆವು. ದಡ ಮುಟ್ಟುವಾಗ ಕತ್ತಲಾಗಿತ್ತು. ಹುಡುಗ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಆ ಮುಖ ನನಗೆ ಈಗಲೂ ಕಣ್ಣ ಮುಂದೆ ಇದೆ.

ಅಂಗಡಿಯವರು "ಎಣ್ಣೆ ಕಡಿಮೆ ಹಾಕೀರಿ" ಅಂದುಬಿಟ್ಟರು. ಸುಳ್ಳು. 50 ಲೀಟರ್ ಪೆಟ್ರೋಲಿಗೆ ಒಂದು ಲೀಟರ್, ಅದೂ ಬೋಟ್ ಮೋಟರಿನ ಟಿಸಿ-ಡಬ್ಲ್ಯು3 ಎಣ್ಣೆ, ಅಳೆದೇ ಹಾಕುತ್ತೇನೆ. ಮೋಟರ್ ಗುಜರಿಗೆ ಹಾಕಿ, 3,000 ಕೊಡ್ತೀನಿ ಅಂದರು. ಆಗ ಕಣ್ಣು ತೆರೆಯಿತು.

ಅದರ ಮಧ್ಯೆ ಇನ್ನೊಂದು ಪೆಟ್ಟು. ಪಿಸ್ಟನ್ ಕಿಟ್ ಫೋಟೊ ಹಾಕಿ ಅರ್ಧ ಬೆಲೆಗೆ ಕೊಡ್ತೀನಿ ಅಂದವನಿಗೆ 4,500 ಅಡ್ವಾನ್ಸ್ ಕಳಿಸಿದೆ. ಮರುದಿನದಿಂದ ಫೋನ್ ಬಂದ್. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಹಣ ಇನ್ನೂ ಬಂದಿಲ್ಲ.

ನಮ್ಮೂರಿನ ಹುಡುಗರು ಮಲ್ಪೆ ಬಂದರಿಗೆ ದುಡಿಯಲು ಹೋಗುತ್ತಾರಲ್ವಾ, ಅವರಲ್ಲೇ ಒಬ್ಬ ದಾರಿ ತೋರಿಸಿದ. ಮೋಟರ್ ಅಲ್ಲಿಗೆ ಒಯ್ದೆ. ಅಲ್ಲಿನ ಮೇಸ್ತ್ರಿ ಮೊದಲು ಕೇಳಿದ್ದೇ "ಮುರಿದ ರೆಕ್ಕೆ ಸಿಕ್ಕಿತಾ?" ಅಂತ. ನೀರು ಮೇಲೆ ಹೋಗುವ ಕೊಳವೆ ಬಿಚ್ಚಿ ತಂತಿ ಹಾಕಿದರು. ಬೆರಳ ಉಗುರಿನಷ್ಟು ಎರಡು ಕಪ್ಪು ರಬ್ಬರ್ ತುಂಡು ಹೊರಗೆ ಬಿದ್ದವು. ಹೊಸ ಚಕ್ರದ ರೆಕ್ಕೆಗಳ ತುದಿ ಕರಗಿ ಮಿನುಗುತ್ತಿತ್ತು. ಪಿಸ್ಟನ್ ಮೇಲೆ ಉದ್ದಕ್ಕೆ ಗೆರೆ. ಸಿಲಿಂಡರ್ ಬೋರ್ ಮಾಡಿಸಿ, ಅಂದರೆ ಒಳಗೆ ಕೊರೆಸಿ, 0.50 ಓವರ್‌ಸೈಜ್ (ಅರ್ಧ ಮಿ.ಮೀ. ದೊಡ್ಡ) ಪಿಸ್ಟನ್ ಹಾಕಿಸಿ ಎಲ್ಲಾ ಸೇರಿ 17,000 ಬಿತ್ತು. ಒರಿಜಿನಲ್ ಇಂಪೆಲ್ಲರಿಗೆ ಬಿದ್ದದ್ದು 1,200.

ಅವರೇ ಕಲಿಸಿದ್ದು ಹೇಳುತ್ತೇನೆ. ಯಮಾಹಾ ಪಾರ್ಟ್ ನಂಬರಿನ ನಡುವೆ 44352 ಇದ್ದರೆ ಅದು ಇಂಪೆಲ್ಲರ್. ಮೊದಲ ಮೂರು ಅಕ್ಷರ ಮಾಡೆಲ್ ಪ್ರಕಾರ ಬದಲಾಗುತ್ತವೆ. ಬೋಟಿಗೆ ಬಿಗಿಯುವ ಕ್ಲಾಂಪಿನ ಹತ್ತಿರದ ತಗಡಿನ ಮೇಲೆ ಮಾಡೆಲ್, ಸೀರಿಯಲ್ ನಂಬರ್ ಇರುತ್ತವೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಅಂಗಡಿಯವರಿಗೆ ಅದನ್ನೇ ಕಳಿಸಿ. ದುಡ್ಡು ಉಳಿಸಬೇಕು ಅಂದರೆ ಬೇರಿಂಗ್, ಆಯಿಲ್ ಸೀಲಿನಲ್ಲಿ ಉಳಿಸಿ. ಅವುಗಳ ಮೇಲೆ ನಂಬರ್, ಅಳತೆ ಒತ್ತಿರುತ್ತಾರೆ, ಕಲಬುರಗಿಯ ಬೇರಿಂಗ್ ಅಂಗಡಿಯಲ್ಲೇ ಕಡಿಮೆಗೆ ಸಿಗುತ್ತವೆ. ಇಂಪೆಲ್ಲರಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಹಳೆಯದನ್ನು ಕೈಗೆ ತಗೊಂಡು ರೆಕ್ಕೆ ಎಣಿಸಿ. ಒಂದು ಕಡಿಮೆ ಇದ್ದರೂ, ಅದು ಸಿಗುವ ತನಕ ಜೋಡಿಸಲು ಬಿಡಬೇಡಿ. ನೀರಿನ ಡ್ರಮ್ ಇಲ್ಲದ ಅಂಗಡಿಗೆ ಬೋಟ್ ಮೋಟರ್ ಕೊಡಲೇಬೇಡಿ.

ಈಗ ನಮ್ಮ ದಡದಲ್ಲಿ 200 ಲೀಟರಿನ ಡ್ರಮ್ ಒಂದು ಇಟ್ಟಿದ್ದೇವೆ. ಮೋಟರ್ ಅದರಲ್ಲಿ ಹತ್ತು ನಿಮಿಷ ಓಡಿ, ಧಾರೆ ಜೋರಾಗಿ ಬಿದ್ದರೆ ಮಾತ್ರ ಬೋಟಿಗೆ ಏರುತ್ತದೆ. ಸುತ್ತಮುತ್ತ ಯಾರಿಗೆ ಬೇಕಾದರೂ ತಂದು ನೋಡಿಕೊಳ್ಳಿ, ದುಡ್ಡು ಬೇಡ. ಬೋಟಿನಲ್ಲಿ ಈಗ ಎರಡು ಹುಟ್ಟು ಇವೆ.