ಸುಮ್ನೆ ಮಲಗೋಕೆ ಬಿಡದ ಮಸಾಜ್: ಒಂದೂವರೆ ವರ್ಷ ಹೋದವಳ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಎಣ್ಣೆ ಹಚ್ಚಿಸಿಕೊಂಡು ಗಡದ್ದಾಗಿ ನಿದ್ದೆ ಹೊಡೆಯಬೇಕು ಅನ್ನೋರಿಗೆ ಇದು ಅಲ್ಲ. ಇಲ್ಲಿ ಮೈ ಆಡಿಸಬೇಕಾದವರು ನಾವೇ. ಮಸಾಜ್ ಮಾಡೋರು ಒಂದು ಜಾಗ ಒತ್ತಿ ಹಿಡಿಯುತ್ತಾರೆ, ನಾವು ನಿಧಾನವಾಗಿ ಕತ್ತು ತಿರುಗಿಸಬೇಕು, ಕೈ ಎತ್ತಬೇಕು, ಇಳಿಸಬೇಕು. ದುಡ್ಡೂ ಕೊಟ್ಟು ಕೆಲಸಾನೂ ನಾನೇ ಮಾಡಬೇಕಾ ಅಂತ ಮೊದಲ ದಿನ ಗೊಣಗಿದ್ದೆ.

ನಾನು ಹಾಸನದಲ್ಲಿ ಬ್ಲೌಸ್ ಹೊಲಿಯುವವಳು. 22 ವರ್ಷದಿಂದ ಬಲಗೈಯಲ್ಲಿ ಕತ್ತರಿ, ಕತ್ತು ಮೆಷಿನ್ ಮೇಲೆ. ಹಾಸನಾಂಬೆ ಗುಡಿ ಬಾಗಿಲು ತೆಗೆಯೋದು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ. ಆಗ ಊರ ತುಂಬ ನೆಂಟರು, ಎಲ್ಲರಿಗೂ ಹಬ್ಬದೊಳಗೆ ಬ್ಲೌಸ್ ಬೇಕು, ಅಸ್ತರ್ ಹಾಕಿ, ಕುಚ್ಚೂ ಕಟ್ಟಿ. ಅಂಥದ್ದೊಂದು ಸೀಸನ್ ಮುಗಿಯುವಾಗ ನನ್ನ ಕತ್ತು ಎಡಕ್ಕೆ ತಿರುಗೋದೇ ನಿಂತಿತ್ತು. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡಬೇಕು. ಮೊದಲು ಬೇರೊಂದು ಕಡೆ ಹೋಗಿದ್ದೆ, ಅಲ್ಲಿ ಮೊಣಕೈ ಊರಿ ತಿಕ್ಕಿದ ತಿಕ್ಕಿಗೆ ಮೂರು ದಿನ ಬೆನ್ನು ನೀಲಿಗಟ್ಟಿತ್ತು. ನೋವು ಎಲ್ಲಿತ್ತೋ ಅಲ್ಲೇ.

ಇಲ್ಲಿಯ ಹುಡುಗಿ ಮೊದಲು ಮಲಗಿಸಲೇ ಇಲ್ಲ. ಸ್ಟೂಲ್ ಮೇಲೆ ಕೂರಿಸಿ, "ಅಕ್ಕ, ಬಟ್ಟೆ ಕತ್ತರಿಸೋ ತರ ಮಾಡಿ ತೋರಿಸಿ" ಅಂದಳು. ಗಾಳಿಯಲ್ಲೇ ಕತ್ತರಿಸಿ ತೋರಿಸಿದೆ. ನಗು ಬಂತು, ಆದರೆ ಬಲ ಹೆಗಲು ಕಿವಿಯ ಹತ್ತಿರಕ್ಕೆ ಏರಿ ನಿಂತಿದ್ದು ಕನ್ನಡಿಯಲ್ಲಿ ಕಂಡಿದ್ದು ಅವತ್ತೇ. ಆಮೇಲೆ ಬೆನ್ನಿನ ಚಪ್ಪಟೆ ಮೂಳೆಯ ಮೇಲಿನ, ಒಳಗಿನ ಮೂಲೆ ಇದೆಯಲ್ಲ, ಸರಿಯಾಗಿ ಅಲ್ಲಿ ಹೆಬ್ಬೆರಳು ಇಟ್ಟು, "ಈಗ ಎಡ ಕಂಕುಳ ಕಡೆ ನಿಧಾನಕ್ಕೆ ನೋಡಿ, ನೋವಾದರೆ ನಿಲ್ಲಿಸಿ" ಅಂದಳು. ಬೆರಳ ಕೆಳಗೆ ಏನೋ ಹಗ್ಗ ಎಳೆದ ಹಾಗೆ. ನಾಲ್ಕೈದು ಸಲ ಅಷ್ಟೇ. ಮನೆಗೆ ಬಂದು ಎಡಕ್ಕೆ ತಿರುಗಿ ಗಂಡನನ್ನು ಬೈದೆ, ಬರೀ ಕತ್ತು ತಿರುಗಿಸಿ!

ಎಣ್ಣೆ ಇಲ್ಲಿ ಹೆಸರಿಗಷ್ಟೇ. ಜಾಸ್ತಿ ಹಚ್ಚಿದರೆ ಬೆರಳು ಜಾರುತ್ತೆ, ಹಿಡಿತ ಸಿಗಲ್ಲ. ಮುಂಗೈಗೂ ಇದೇ ವರಸೆ: ಮೊಣಕೈಯ ಹೊರಮಗ್ಗುಲಿಗೆ ಸ್ವಲ್ಪ ಕೆಳಗೆ ಒತ್ತಿ ಹಿಡಿಯುತ್ತಾಳೆ, ನಾನು ಮುಷ್ಟಿ ಕಟ್ಟಿ, ಮಣಿಕಟ್ಟು ಕೆಳಗೆ ಬಗ್ಗಿಸಿ, ಕೈ ಉದ್ದ ಬಿಡುತ್ತಾ ಹೋಗಬೇಕು.

ಮಗಳು ಫಿಸಿಯೋಥೆರಪಿ ಓದುತ್ತಿದ್ದಾಳೆ, ಅವಳಿಗೆ ಇದು ಹೊಸದೇನಲ್ಲ. 1980ರ ದಶಕದಲ್ಲಿ ಅಮೆರಿಕದ ಮೈಕೆಲ್ ಲೇಹಿ ಅನ್ನೋ ಕೈರೋಪ್ರಾಕ್ಟರ್, ಅಂದರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದಲೇ ಸರಿಮಾಡುವ ಚಿಕಿತ್ಸಕ, ಇಂಥದ್ದನ್ನೇ ರೂಪಿಸಿ ಕಲಿಸೋಕೆ ಶುರು ಮಾಡಿದರಂತೆ, 'ಆಕ್ಟಿವ್ ರಿಲೀಸ್' ಅಂತ ಅದರ ಹೆಸರು. ನಾವಾಗೇ ಕೈ ಮಡಿಚಿದರೆ ಅದರ ಎದುರಿನ ಸ್ನಾಯು ತಾನಾಗೇ ಸಡಿಲ ಬಿಡುತ್ತೆ, ಬೇರೆಯವರು ಎಳೆದರೆ ಹಾಗಲ್ಲ ಅಂತಾಳೆ. ಇದನ್ನು ತೋರಿಸಿಕೊಟ್ಟ ಇಂಗ್ಲೆಂಡಿನ ವಿಜ್ಞಾನಿ ಶೆರಿಂಗ್ಟನ್ 1932ರಲ್ಲಿ ನೊಬೆಲ್ ಪಡೆದವರು. ಆದರೆ "ಸ್ನಾಯುವಿನ ಗಂಟು ಒಡೆದು ಹೋಯ್ತು ಅಂತ ಮಸಾಜಿನವರು ಹೇಳಿದರೆ ನಂಬಬೇಡಮ್ಮ, ಕೈಯಲ್ಲಿ ಒತ್ತಿ ಒಡೆಯೋಕೆ ಅದೇನು ಹೆಂಟೆನಾ" ಅಂತಲೂ ಅವಳೇ ಹೇಳಿದ್ದು. ನನಗೆ ಕತ್ತು ತಿರುಗಿದರೆ ಸಾಕು, ಅಲ್ವಾ.

ಬೇಜಾರಿನ ವಿಷಯ ಇಲ್ಲದೇ ಇಲ್ಲ. ಮುಕ್ಕಾಲು ಗಂಟೆಗೆ 800 ರೂಪಾಯಿ, ಹೋದಾಗಲೆಲ್ಲ ಹತ್ತು ಸಲದ ಪ್ಯಾಕೇಜ್ ತಗೊಳ್ಳಿ ಅಂತ ಕೌಂಟರಿನಲ್ಲಿ ಒಂದೇ ವರಾತ. ನನ್ನ ಹುಡುಗಿ ರಜೆ ಹಾಕಿದ ದಿನ ಇನ್ನೊಬ್ಬಳು ಬಂದಿದ್ದಳು, ಒತ್ತೋದು ಒಂದು ಕಡೆ, ಆಡಿಸು ಅನ್ನೋದು ಇನ್ನೊಂದು ಕಡೆ, ಅದೂ ಕವಾಯತು ಮಾಡಿಸುವ ಹಾಗೆ ಗಡಿಬಿಡಿಯಲ್ಲಿ. ನಿಧಾನ ಇಲ್ಲದಿದ್ದರೆ ಇದು ದಂಡ. ಅವತ್ತಿನ ದುಡ್ಡು ಈಗಲೂ ಹೊಟ್ಟೆ ಉರಿಸುತ್ತೆ.

ಆದರೆ ಒಂದು ಸಲ ಕತ್ತು ತಿರುಗಿಸುವಾಗ ಕಿರುಬೆರಳ ತನಕ ಜುಂ ಅಂತು. ನನ್ನ ಹುಡುಗಿ ತಕ್ಷಣ ಕೈ ತೆಗೆದಳು. "ಇದು ನರದ್ದು ಇರಬಹುದು ಅಕ್ಕ, ಡಾಕ್ಟರಿಗೆ ತೋರಿಸ್ಕೊಂಡೇ ಬನ್ನಿ" ಅಂತ ಅವತ್ತು ದುಡ್ಡೂ ತಗೊಳ್ಳದೆ ಕಳಿಸಿದಳು. ಡಾಕ್ಟರು ನೋಡಿ, ಮೂರು ವಾರ ಬಿಟ್ಟು ಹೋಗಿ ಅಂದರು. ಅವಳ ಮೇಲೆ ನಂಬಿಕೆ ಬಂದಿದ್ದು ಆಮೇಲೆಯೇ.

ಮೊದಲೆರಡು ತಿಂಗಳು ವಾರಕ್ಕೊಮ್ಮೆ, ಈಗ ಆರು ವಾರಕ್ಕೊಮ್ಮೆ. ನೋವು ಪೂರ್ತಿ ಹೋಗಿಲ್ಲ, ಮದುವೆ ಸೀಸನ್ನಿನಲ್ಲಿ ಮತ್ತೆ ಹಿಡಿಯುತ್ತೆ. ಕಟಿಂಗ್ ಟೇಬಲ್ಲಿನ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟು ಎತ್ತರ ಮಾಡಿಕೊಂಡಿದ್ದೇನೆ, ಅದೂ ಅವಳೇ ಕೊಟ್ಟ ಐಡಿಯಾ. ಕತ್ತರಿ ಹಿಡಿದಾಗ ಹೆಗಲು ಮೇಲೆ ಹೋದರೆ ಈಗ ನನಗೇ ಗೊತ್ತಾಗುತ್ತೆ. ಇಳಿಸಿ, ಎಡ ಕಂಕುಳ ಕಡೆ ಒಂದು ಸಲ ನೋಡಿ, ಮತ್ತೆ ಕತ್ತರಿಸುತ್ತೇನೆ. ಅಳತೆ ಕೊಡೋಕೆ ಬಂದವರು ಇವಳೇನು ಕಂಕುಳ ಮೂಸ್ತಿದ್ದಾಳೆ ಅಂತ ನೋಡುತ್ತಾರೆ, ನೋಡಲಿ.