ಪಾರ್ಕಿನ ಹುಲ್ಲು: ಪೂರ್ತಿ ಕತ್ತರಿಸೋದಾ, ಸರದಿಯಲ್ಲಿ ಬಿಡೋದಾ?

ನಿಮ್ಮ ಬಡಾವಣೆಯ ಪಾರ್ಕಿನ ಹುಲ್ಲಿನ ನಿರ್ಧಾರ ನಿಮ್ಮದೇ ಆಗಿದ್ದರೆ, ಅಲ್ಲಿ ಯಾವ ಹಕ್ಕಿ ಮರಿ ಮಾಡುತ್ತದೆ ಅಂತ ಮೊದಲು ನೋಡಿ.

ತಿಂಗಳಿಗೊಮ್ಮೆ ಮೆಷಿನ್ ಓಡಿಸಿದರೆ ವಾಕಿಂಗ್‌ಗೆ ಬರುವವರಿಗೆ ಅನುಕೂಲ, ಹಾವಿನ ಭಯವೂ ಕಡಿಮೆ. ಟಿಟ್ಟಿಭ ಹಕ್ಕಿಗೂ ಬಯಲೇ ಇಷ್ಟ. ಆದರೆ ಅದು ಮೊಟ್ಟೆ ಇಡುವುದು ನೆಲದ ಸಣ್ಣ ತಗ್ಗಿನಲ್ಲಿ, ಸಾಮಾನ್ಯವಾಗಿ 4. ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ. ಎರಡು ಹೆಜ್ಜೆ ದೂರದಲ್ಲಿ ನಿಂತರೂ ಕಲ್ಲುಚೂರು ಅನ್ನಿಸುತ್ತದೆ. ಮೆಷಿನ್ ಹಿಡಿದವರಿಗೆ ಹೇಗೆ ಕಂಡೀತು? ಮರಿಯಾಗಲು ಸುಮಾರು 4 ವಾರ ಬೇಕು. ಅಷ್ಟರಲ್ಲಿ ಮೆಷಿನ್ ಮತ್ತೆ ಬಂದಿರುತ್ತದೆ.

ಸುಮ್ನೆ ಬಿಟ್ಟುಬಿಟ್ಟರೆ? ಪಾರ್ಥೇನಿಯಂ, ಲಂಟಾನದಂಥ ಕಳೆಗಳು ನುಗ್ಗಿ ಹುಲ್ಲನ್ನೇ ನುಂಗುತ್ತವೆ.

ನನ್ನ ಮತ ಸರದಿಗೆ. ಜಾಗವನ್ನು ಮೂರು ಪಾಲು ಮಾಡಿ. ವರ್ಷಕ್ಕೆ ಒಂದೇ ಪಾಲು ಕತ್ತರಿಸಿ, ಅದೂ ಹುಲ್ಲಿನ ಬೀಜ ಉದುರಿದ ಮೇಲೆ, ಜನವರಿ ಹೊತ್ತಿಗೆ. ಕಳೆ ಮಾತ್ರ ಕೈಯಲ್ಲೇ ಕೀಳಿಸಿ. ಮಳೆಗಾಲದಲ್ಲಿ ಉಳಿದ ಎತ್ತರದ ಹುಲ್ಲು, ಪೊದೆಗಳಲ್ಲಿ ಉಲಿಯಕ್ಕಿ ಗೂಡು ಕಟ್ಟುತ್ತದೆ. ರಾಟವಾಳ (ಮುನಿಯಾ ಹಕ್ಕಿ) ಗೂಡಿಗಾಗಿ ತನಗಿಂತ ಉದ್ದದ ಹುಲ್ಲೆಳೆ ಕಚ್ಚಿಕೊಂಡು ಹಾರುತ್ತದೆ. ದಾರಿಯ ಅಂಚಿನ ಒಂದು ಮೀಟರ್ ಮಾತ್ರ ಸದಾ ಗಿಡ್ಡವಾಗಿರಲಿ. ಜನರ ತಕರಾರು ಜಾಸ್ತಿ ಇರೋದು ಅಲ್ಲೇ ಅಲ್ವಾ?